ರೂಟರಿನಿಂದ ಮೇಜಿನವರೆಗೆ: ಈಥರ್‌ನೆಟ್ ಸಂಪರ್ಕದ ತಪಾಸಣೆ ವರ್ತಕರ ಕೈಯಲ್ಲೇ ಇದೆ

ಒಂದು ಕಾಲದಲ್ಲಿ ಅಂಗಡಿಯ ಬಾಗಿಲು ತೆರೆದೊಡನೆ ವರ್ತಕರ ದೃಷ್ಟಿ ಹರಿಯುತ್ತಿದ್ದುದು ತಕ್ಕಡಿ, ತಿಜೋರಿ ಮತ್ತು ಕಿರ್ದಿ ಪುಸ್ತಕಗಳ ಕಡೆಗೆ. ಇಂದು ಆ ಸಾಲಿಗೆ ನಾಲ್ಕನೆಯದೊಂದು ಸೇರಿದೆ. ಅದು ಗೋಡೆಯ ಮೂಲೆಯಲ್ಲಿ ಮಿಣುಕುತ್ತಿರುವ ರೂಟರ್. ತಕ್ಕಡಿಯ ಮುಳ್ಳು ಸರಿಯಾಗಿದೆಯೇ ಎಂದು ನೋಡುವ ಅಭ್ಯಾಸ ತಲೆಮಾರುಗಳಿಂದ ಬಂದಿದೆ. ರೂಟರಿನಿಂದ ಗಣಕಯಂತ್ರಕ್ಕೆ ಬರುವ ತಂತಿ ಸರಿಯಾಗಿದೆಯೇ ಎಂದು ನೋಡುವ ಅಭ್ಯಾಸ ಮಾತ್ರ ಇನ್ನೂ ಬೆಳೆದಿಲ್ಲ. ಪರಿಣಾಮವಾಗಿ, ಅಂತರ್ಜಾಲ ನಿಂತಾಗಲೆಲ್ಲ ದೋಷವು ಸೇವಾ ಸಂಸ್ಥೆಯದೆಂದೋ ಸರ್ಕಾರದ ಜಾಲತಾಣದ್ದೆಂದೋ ಭಾವಿಸಿ ಕಾಯುತ್ತ ಕೂಡುವುದು ರೂಢಿಯಾಗಿದೆ. ದೋಷವು ಮೇಜಿನ ಕೆಳಗಿನ ಎರಡು ಮೀಟರ್ ಕೇಬಲ್‌ನಲ್ಲಿಯೇ ಇರಬಹುದೆಂಬ ಸಂಶಯ ಬರುವುದು ಬಹಳ ತಡವಾಗಿ.

ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ನಾಲ್ಕು ತಾಲ್ಲೂಕುಗಳಾದ ದಾಂಡೇಲಿ, ಹಳಿಯಾಳ, ಜೋಯಿಡಾ ಮತ್ತು ಮುಂಡಗೋಡಗಳಿಗೆ ಈ ಮಾತು ವಿಶೇಷವಾಗಿ ಅನ್ವಯಿಸುತ್ತದೆ. 1955ರಲ್ಲಿ ಸ್ಥಾಪಿತವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಕಾರ್ಖಾನೆಯ ಸುತ್ತ ಬೆಳೆದ ದಾಂಡೇಲಿಯಲ್ಲಿ ಸಾಗಣೆದಾರರು, ಗುತ್ತಿಗೆದಾರರು ಮತ್ತು ಬಿಡಿಭಾಗಗಳ ವರ್ತಕರು ನೆಲೆಸಿದ್ದಾರೆ. ಕಾಳಿ ನದಿಯ ಜಲಕ್ರೀಡೆಯನ್ನು ನೆಚ್ಚಿದ ಹೋಮ್‌ಸ್ಟೇ ಮಾಲೀಕರು ಮುಂಗಡ ಕಾಯ್ದಿರಿಸುವಿಕೆಗೆ ಅಂತರ್ಜಾಲವನ್ನೇ ಅವಲಂಬಿಸಿದ್ದಾರೆ. ಹಳಿಯಾಳದಲ್ಲಿ ಭತ್ತ ಹಾಗೂ ಕಬ್ಬಿನ ಆರ್ಥಿಕತೆಯಿದೆ. ಸೂಪಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಹಳೆಯ ಸೂಪಾ ಪಟ್ಟಣ ಮುಳುಗಿದ ಬಳಿಕ ತಾಲ್ಲೂಕು ಕೇಂದ್ರವಾದ ಜೋಯಿಡಾದಲ್ಲಿ ಊರುಗಳು ಕಾಡಿನ ನಡುವೆ ದೂರದೂರ ಹರಡಿಕೊಂಡಿವೆ. ಮುಂಡಗೋಡದಲ್ಲಿ 1966ರಲ್ಲಿ ಆರಂಭವಾದ ಟಿಬೆಟನ್ ವಸತಿಯೂ ಸೇರಿದಂತೆ ವಿಶಿಷ್ಟವಾದ ಮಾರುಕಟ್ಟೆಯೊಂದು ರೂಪುಗೊಂಡಿದೆ. ನುರಿತ ತಂತ್ರಜ್ಞರು ಬೇಕಾದರೆ ಈ ಊರುಗಳವರು ಅನೇಕ ವೇಳೆ ಧಾರವಾಡ ಅಥವಾ ಹುಬ್ಬಳ್ಳಿಯ ಕಡೆ ನೋಡಬೇಕಾಗುತ್ತದೆ. ಹೀಗಿರುವಾಗ ದೋಷ ಎಲ್ಲಿದೆ ಎಂಬುದನ್ನು ಹತ್ತು ನಿಮಿಷದಲ್ಲಿ ತಾವೇ ಗುರುತಿಸಬಲ್ಲವರಿಗೆ ಒಂದು ಇಡೀ ದಿನ ಉಳಿಯುತ್ತದೆ ಎಂಬುದರಲ್ಲಿ ಎರಡು ಮಾತಿಲ್ಲ.

ಪಣಕ್ಕಿರುವುದೇನು?

ಮಾಸಿಕ ರಿಟರ್ನ್ ಸಲ್ಲಿಸುವ ವರ್ತಕರಿಗೆ ಜಿಎಸ್‌ಟಿಆರ್-1 ಸಲ್ಲಿಸಲು ಮುಂದಿನ ತಿಂಗಳ 11ನೇ ತಾರೀಖು, ಜಿಎಸ್‌ಟಿಆರ್-3ಬಿ ಸಲ್ಲಿಸಲು 20ನೇ ತಾರೀಖು ಅಂತಿಮ ದಿನಗಳು. 3ಬಿ ತಡವಾದರೆ ದಿನಕ್ಕೆ ರೂ. 50ರಂತೆ ವಿಳಂಬ ಶುಲ್ಕ ತೆರಬೇಕು. ತೆರಿಗೆಯೇನೂ ಇಲ್ಲದ ಶೂನ್ಯ ರಿಟರ್ನ್ ಆದರೆ ದಿನಕ್ಕೆ ರೂ. 20. ನಗದಾಗಿ ಕಟ್ಟಬೇಕಾದ ತೆರಿಗೆಯ ಮೇಲೆ ವಾರ್ಷಿಕ ಶೇ. 18ರ ಬಡ್ಡಿಯೂ ಸೇರುತ್ತದೆ. ರೂ. 2 ಲಕ್ಷ ನಗದು ತೆರಿಗೆಯುಳ್ಳ ವರ್ತಕರೊಬ್ಬರು ಎರಡು ದಿನ ತಡ ಮಾಡಿದರೆ ಶುಲ್ಕ ರೂ. 100 ಮತ್ತು ಬಡ್ಡಿ ಸುಮಾರು ರೂ. 197, ಒಟ್ಟು ಸುಮಾರು ರೂ. 297 ಆಗುತ್ತದೆ. ಈ ಮೊತ್ತವನ್ನಷ್ಟೇ ನೋಡಿದರೆ ಕೇಬಲ್ ಒಂದರ ಬಗ್ಗೆ ಇಷ್ಟು ಚಿಂತೆ ಏಕೆ ಎನಿಸುವುದು ಸಹಜ.

ಆದರೆ ನಿಜವಾದ ನಷ್ಟ ಅಡಗಿರುವುದು 11ನೇ ತಾರೀಖಿನಲ್ಲಿ. ಮಾಸಿಕ ರಿಟರ್ನ್ ಸಲ್ಲಿಸುವ ಮಾರಾಟಗಾರರು 11ರೊಳಗೆ ದಾಖಲಿಸಿದ ಬಿಲ್ಲುಗಳು ಮಾತ್ರ ಖರೀದಿದಾರರ ಆ ತಿಂಗಳ ಜಿಎಸ್‌ಟಿಆರ್-2ಬಿ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತವೆ. 12ರಂದು ಸಲ್ಲಿಸಿದರೆ ಅವು ಮುಂದಿನ ತಿಂಗಳ ಪಟ್ಟಿಗೆ ಜಾರುತ್ತವೆ. 2022ರ ಜನವರಿ 1ರಿಂದ ಜಾರಿಯಲ್ಲಿರುವ ನಿಯಮದಂತೆ, ಮಾರಾಟಗಾರರು ದಾಖಲಿಸದ ಬಿಲ್ಲಿನ ಮೇಲೆ ಖರೀದಿದಾರರು ಹೂಡುವಳಿ ತೆರಿಗೆ ಜಮೆಯನ್ನು ಪಡೆಯುವಂತಿಲ್ಲ. ಅಂದರೆ ಹಳಿಯಾಳದ ವರ್ತಕರ ಒಂದು ದಿನದ ವಿಳಂಬವು ಹುಬ್ಬಳ್ಳಿಯ ಗಿರಾಕಿಗೆ ಒಂದು ತಿಂಗಳ ದುಡಿಯುವ ಬಂಡವಾಳದ ಹೊರೆಯಾಗುತ್ತದೆ. ಗಿರಾಕಿಯು ಬಾಕಿ ಹಣವನ್ನು ಹಿಡಿದಿಡಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕಿಲ್ಲ. ವರ್ಷಗಳ ವ್ಯವಹಾರದಿಂದ ಗಳಿಸಿದ ವಿಶ್ವಾಸಕ್ಕೆ ಹೀಗೆ ಧಕ್ಕೆ ಬರುತ್ತದೆ.

ಇನ್ನು ಇ-ವೇ ಬಿಲ್. 2018ರ ಏಪ್ರಿಲ್ 1ರಂದು ಅಂತರರಾಜ್ಯ ಸಾಗಣೆಗೆ ಇದು ದೇಶದಾದ್ಯಂತ ಕಡ್ಡಾಯವಾದಾಗ, ಅದೇ ದಿನ ರಾಜ್ಯದೊಳಗಿನ ಸಾಗಣೆಗೂ ಅದನ್ನು ಅನ್ವಯಿಸಿದ ರಾಜ್ಯ ಕರ್ನಾಟಕ. ರೂ. 50,000 ಮೀರಿದ ಮೌಲ್ಯದ ತೆರಿಗೆಯುಳ್ಳ ಸರಕನ್ನು ಹೊತ್ತ ಲಾರಿ, ಬಿಲ್ ಸಿದ್ಧವಾಗದೆ ಗೋದಾಮಿನಿಂದ ಹೊರಡುವಂತಿಲ್ಲ. ಆತುರಕ್ಕೆ ಬಿದ್ದು ಹೊರಟರೆ, ತಡೆದ ಸರಕಿನ ಬಿಡುಗಡೆಗೆ ಮಾಲೀಕರು ತೆರಿಗೆಯ ಎರಡು ಪಟ್ಟು ದಂಡ ಕಟ್ಟಬೇಕಾದ ಪ್ರಸಂಗ ಬರಬಹುದು. ರೂ. 3 ಲಕ್ಷ ಮೌಲ್ಯದ, ಶೇ. 18ರ ತೆರಿಗೆಯ ಸರಕಾದರೆ ತೆರಿಗೆ ರೂ. 54,000, ದಂಡ ರೂ. 1,08,000. ವಾರ್ಷಿಕ ವಹಿವಾಟು ರೂ. 5 ಕೋಟಿ ಮೀರಿದವರಿಗೆ 2023ರ ಆಗಸ್ಟ್ 1ರಿಂದ ಇ-ಇನ್‌ವಾಯ್ಸ್ ಕೂಡ ಕಡ್ಡಾಯವಾಗಿದೆ. ಅವರಿಗೆ ಅಂತರ್ಜಾಲವಿಲ್ಲದೆ ಬಿಲ್ಲನ್ನೇ ಕ್ರಮಬದ್ಧವಾಗಿ ಹರಿಯಲಾಗದು. ಸರ್ಕಾರದ ಜಾಲತಾಣವೇ ಕೆಟ್ಟಾಗ ಅಂತಿಮ ದಿನವನ್ನು ಅಧಿಸೂಚನೆಯ ಮೂಲಕ ಮುಂದೂಡಿದ ನಿದರ್ಶನಗಳುಂಟು. ವರ್ತಕರ ಅಂಗಡಿಯ ಕೇಬಲ್ ಕೆಟ್ಟಿತೆಂದು ಯಾವ ದಿನವೂ ಮುಂದಕ್ಕೆ ಹೋಗುವುದಿಲ್ಲ.

ಹಾದಿ ಒಂದಲ್ಲ, ಎರಡು

ಕಿರ್ದಿಯಲ್ಲಿನ ಬ್ಯಾಂಕ್ ಶಿಲ್ಕಿಗೂ ಪಾಸ್‌ಬುಕ್ಕಿನ ಶಿಲ್ಕಿಗೂ ತಾಳೆಯಾಗದಿದ್ದಾಗ ಅನುಭವಿ ಗುಮಾಸ್ತರು ಮೊದಲು ಬ್ಯಾಂಕಿಗೆ ಓಡುವುದಿಲ್ಲ. ತಮ್ಮ ಪುಸ್ತಕದ ನಮೂದುಗಳನ್ನು ಒಂದೊಂದಾಗಿ ಗುರುತು ಹಾಕಿ ನೋಡಿ, ತಮ್ಮ ಕಡೆ ತಪ್ಪಿಲ್ಲವೆಂದು ಖಚಿತವಾದ ಮೇಲೆಯೇ ಬ್ಯಾಂಕಿಗೆ ಪತ್ರ ಬರೆಯುತ್ತಾರೆ. ಅಂತರ್ಜಾಲದ ವಿಷಯದಲ್ಲಿಯೂ ಅನುಸರಿಸಬೇಕಾದ ಕ್ರಮ ಇದೇ.

ಅಂತರ್ಜಾಲವು ಅಂಗಡಿಯ ಗಣಕಯಂತ್ರವನ್ನು ತಲುಪುವುದು ಎರಡು ಹಾದಿಗಳ ಮೂಲಕ. ಮೊದಲನೆಯದು ಹೊರಗಿನ ಹಾದಿ. ಸೇವಾ ಸಂಸ್ಥೆಯ ಕೇಂದ್ರದಿಂದ ಕಂಬಗಳ ಮೇಲೆ ಅಥವಾ ನೆಲದಡಿಯಲ್ಲಿ ಬರುವ ಫೈಬರ್ ಎಳೆಯು ಅಂಗಡಿಯ ಗೋಡೆಯ ಪೆಟ್ಟಿಗೆಯವರೆಗೆ ಬೆಳಕನ್ನು ತರುತ್ತದೆ. ಇದರ ಹೊಣೆ ಸಂಸ್ಥೆಯದು. ಎರಡನೆಯದು ಒಳಗಿನ ಹಾದಿ. ಆ ಪೆಟ್ಟಿಗೆಯಿಂದ ಅಥವಾ ಅದಕ್ಕೆ ಜೋಡಿಸಿದ ರೂಟರಿನಿಂದ ಮೇಜಿನ ಗಣಕಯಂತ್ರದವರೆಗೆ ತಾಮ್ರದ ಕೇಬಲ್ ಬರುತ್ತದೆ. ಈಥರ್‌ನೆಟ್ ಸಂಪರ್ಕವೆಂದರೆ ಮುಖ್ಯವಾಗಿ ಇದೇ. ಇದರ ಹೊಣೆ ಬಹುತೇಕ ವರ್ತಕರದೇ. ಪರದೆಯ ಮೇಲೆ ಮೂಡುವ ‘ಅಂತರ್ಜಾಲ ಇಲ್ಲ’ ಎಂಬ ಒಂದೇ ಸಂದೇಶವು ಎರಡು ಹಾದಿಗಳ ದೋಷವನ್ನೂ ಒಂದೇ ಮಾತಿನಲ್ಲಿ ಹೇಳಿಬಿಡುವುದರಿಂದಲೇ ಗೊಂದಲ ಹುಟ್ಟುತ್ತದೆ.

ಎರಡು ಹಾದಿಗಳನ್ನು ಬೇರ್ಪಡಿಸುವ ಅತ್ಯಂತ ಸರಳ ಪರೀಕ್ಷೆ ಎಲ್ಲರ ಜೇಬಿನಲ್ಲಿಯೇ ಇದೆ. ಮೊಬೈಲಿನಲ್ಲಿ ಮೊಬೈಲ್ ಡೇಟಾ ಬಂದ್ ಮಾಡಿ, ಅದೇ ರೂಟರಿನ ವೈಫೈಗೆ ಜೋಡಿಸಿ ಯಾವುದಾದರೂ ಜಾಲತಾಣವನ್ನು ತೆರೆಯಬೇಕು. ಡೇಟಾ ಬಂದ್ ಮಾಡುವುದನ್ನು ಮರೆತರೆ ಫಲಿತಾಂಶ ದಾರಿ ತಪ್ಪಿಸುತ್ತದೆ. ಮೊಬೈಲಿನಲ್ಲಿ ಜಾಲತಾಣ ತೆರೆದು ಗಣಕಯಂತ್ರದಲ್ಲಿ ತೆರೆಯದಿದ್ದರೆ ಹೊರಗಿನ ಹಾದಿ ಸರಿಯಿದೆ, ದೋಷ ಒಳಗಿದೆ ಎಂದರ್ಥ. ಎರಡರಲ್ಲೂ ತೆರೆಯದಿದ್ದರೆ ಸಂಶಯ ಹೊರಗಿನ ಹಾದಿಯ ಕಡೆಗೆ ವಾಲುತ್ತದೆ.

ಈಥರ್‌ನೆಟ್ ಕೆಲಸ ಮಾಡುವ ಬಗೆ

ಈಥರ್‌ನೆಟ್‌ನ ಕಲ್ಪನೆಯನ್ನು ರಾಬರ್ಟ್ ಮೆಟ್‌ಕಾಫ್ ಅವರು ಅಮೆರಿಕದ ಝೆರಾಕ್ಸ್ ಸಂಸ್ಥೆಯ ಸಂಶೋಧನಾ ಕೇಂದ್ರದಲ್ಲಿ 1973ರ ಮೇ 22ರ ಟಿಪ್ಪಣಿಯೊಂದರಲ್ಲಿ ಮಂಡಿಸಿದರು. ಡೇವಿಡ್ ಬಾಗ್ಸ್ ಅವರ ಜೊತೆಗೂಡಿ ಅದಕ್ಕೆ ರೂಪ ಕೊಟ್ಟರು. ಅಂದಿನ ವೇಗ ಸೆಕೆಂಡಿಗೆ 2.94 ಮೆಗಾಬಿಟ್. 1995ರಲ್ಲಿ 100 ಮೆಗಾಬಿಟ್, 1999ರಲ್ಲಿ ಸಾಮಾನ್ಯ ತಾಮ್ರದ ಕೇಬಲ್ ಮೇಲೆಯೇ 1000 ಮೆಗಾಬಿಟ್, ಅಂದರೆ ಒಂದು ಗಿಗಾಬಿಟ್ ವೇಗದ ಮಾನಕಗಳು ಬಂದವು.

ಕೇಬಲ್‌ನ ಒಳಗೆ ಎಂಟು ತಂತಿಗಳಿದ್ದು, ಎರಡೆರಡು ಹೆಣೆದುಕೊಂಡು ನಾಲ್ಕು ಜೋಡಿಗಳಾಗಿವೆ. 100 ಮೆಗಾಬಿಟ್ ವೇಗಕ್ಕೆ ಎರಡು ಜೋಡಿ ಸಾಕು. ಗಿಗಾಬಿಟ್ ವೇಗಕ್ಕೆ ನಾಲ್ಕೂ ಜೋಡಿ ಬೇಕು. ಕೇಬಲ್ ಜೋಡಿಸಿದ ಕ್ಷಣದಲ್ಲಿ ಎರಡೂ ತುದಿಯ ಉಪಕರಣಗಳು ಕಿರು ಸಂಕೇತಗಳನ್ನು ಕಳುಹಿಸಿ ‘ನನ್ನ ಸಾಮರ್ಥ್ಯ ಇಷ್ಟು, ನಿನ್ನದೆಷ್ಟು’ ಎಂದು ಕೇಳಿಕೊಂಡು, ಇಬ್ಬರಿಗೂ ಒಪ್ಪುವ ಅತ್ಯಧಿಕ ವೇಗವನ್ನು ನಿಗದಿಪಡಿಸಿಕೊಳ್ಳುತ್ತವೆ. ಇದನ್ನು ಆಟೋ ನೆಗೋಷಿಯೇಷನ್ ಎನ್ನುತ್ತಾರೆ. ಮಾತುಕತೆ ಕುದುರಿದಾಗ ಪೋರ್ಟಿನ ದೀಪ ಬೆಳಗುತ್ತದೆ.

ಇಲ್ಲಿ ನೆನಪಿಡಬೇಕಾದ ಒಂದು ಅಂಶವಿದೆ. ದೀಪ ಹೇಳುವುದು ಕರಾರು ಆಗಿದೆ ಎಂಬುದನ್ನು ಮಾತ್ರ. ಸರಕು ಒಡೆಯದೆ, ಸೋರದೆ ತಲುಪುತ್ತಿದೆ ಎಂಬುದನ್ನು ಅದು ಹೇಳುವುದಿಲ್ಲ. ತಾಳೆಪಟ್ಟಿಯ ಎರಡೂ ಬದಿ ಸಮವಾದ ಮಾತ್ರಕ್ಕೆ ಲೆಕ್ಕದಲ್ಲಿ ತಪ್ಪಿಲ್ಲವೆಂದು ಹೇಗೆ ಹೇಳಲಾಗದೋ, ದೀಪ ಬೆಳಗಿದ ಮಾತ್ರಕ್ಕೆ ಸಂಪರ್ಕ ಸರಿಯಿದೆಯೆಂದು ಹಾಗೆಯೇ ಹೇಳಲಾಗದು. ಆದುದರಿಂದ ತಪಾಸಣೆ ದೀಪದಿಂದ ಆರಂಭವಾಗಬೇಕು, ಆದರೆ ಅಲ್ಲಿಯೇ ನಿಲ್ಲಬಾರದು.

ತಪಾಸಣೆಯ ಆರು ಹಂತಗಳು

ಮೊದಲನೆಯ ಹಂತ, ದೀಪಗಳು. ಫೈಬರ್ ಪೆಟ್ಟಿಗೆಯಲ್ಲಿ ‘ಲಾಸ್’ ಎಂಬ ದೀಪ ಕೆಂಪಗೆ ಬೆಳಗುತ್ತಿದ್ದರೆ ಹೊರಗಿನಿಂದ ಬೆಳಕು ಬರುತ್ತಿಲ್ಲ ಎಂದರ್ಥ. ಒಳಗೆ ಹುಡುಕಿ ಪ್ರಯೋಜನವಿಲ್ಲ, ಕೂಡಲೇ ದೂರು ಕೊಡಬೇಕು. ಆ ದೀಪ ಆರಿದ್ದು ‘ಪಾನ್’ ಎಂಬ ದೀಪ ಸ್ಥಿರವಾಗಿದ್ದರೆ ಫೈಬರ್ ಎಳೆ ಸರಿಯಿದೆ. ಬಳಿಕ ಗಣಕಯಂತ್ರದ ಕೇಬಲ್ ಸೇರಿರುವ ‘ಲ್ಯಾನ್’ ಪೋರ್ಟಿನ ದೀಪವನ್ನೂ ಗಣಕಯಂತ್ರದ ಹಿಂಬದಿಯ ಪೋರ್ಟಿನ ದೀಪವನ್ನೂ ನೋಡಬೇಕು. ಸ್ಥಿರ ದೀಪ ಸಂಪರ್ಕವನ್ನೂ ಮಿನುಗು ಮಾಹಿತಿಯ ಸಂಚಾರವನ್ನೂ ಸೂಚಿಸುವುದು ಸಾಮಾನ್ಯ. ಬಣ್ಣಗಳ ಅರ್ಥ ತಯಾರಕರಿಂದ ತಯಾರಕರಿಗೆ ಬೇರೆಯಾಗುವುದರಿಂದ, ಎಲ್ಲವೂ ಸರಿಯಿರುವ ದಿನ ಮೊಬೈಲಿನಲ್ಲಿ ಒಂದು ಛಾಯಾಚಿತ್ರ ತೆಗೆದಿಟ್ಟುಕೊಳ್ಳುವುದು ಒಳಿತು. ಕೆಟ್ಟ ದಿನ ಹೋಲಿಸಿ ನೋಡಲು ಅದಕ್ಕಿಂತ ಉತ್ತಮ ಕೈಪಿಡಿ ಬೇರಿಲ್ಲ.

ಎರಡನೆಯ ಹಂತ, ಕೇಬಲ್ ಮತ್ತು ಪೋರ್ಟ್. ಎರಡೂ ತುದಿಯ ಪ್ಲಗ್ ಅನ್ನು ಹೊರತೆಗೆದು ಪುನಃ ‘ಟಿಕ್’ ಎನ್ನುವಂತೆ ಕೂಡಿಸಬೇಕು. ಪ್ಲಗ್ಗಿನ ಪ್ಲಾಸ್ಟಿಕ್ ನಾಲಗೆ ಮುರಿದಿದ್ದರೆ ಅದು ಇಂದಲ್ಲ ನಾಳೆ ಸಡಿಲಾಗುವುದು ನಿಶ್ಚಿತ. ಅನಂತರ ಸರಿಯಿದೆಯೆಂದು ಗೊತ್ತಿರುವ ಇನ್ನೊಂದು ಕೇಬಲ್ ಹಾಕಿ ನೋಡಬೇಕು. ಆಗಲೂ ಸರಿಯಾಗದಿದ್ದರೆ ರೂಟರಿನ ಬೇರೊಂದು ಲ್ಯಾನ್ ಪೋರ್ಟಿಗೆ ಬದಲಿಸಬೇಕು. ಒಂದು ಬಾರಿಗೆ ಒಂದನ್ನೇ ಬದಲಿಸಬೇಕೆಂಬುದು ಇಲ್ಲಿನ ಮುಖ್ಯ ನಿಯಮ. ಎಲ್ಲವನ್ನೂ ಒಟ್ಟಿಗೆ ಬದಲಿಸಿದರೆ ಸಂಪರ್ಕ ಮರಳಿದರೂ ದೋಷ ಯಾವುದರಲ್ಲಿತ್ತು ಎಂಬುದು ಎಂದಿಗೂ ತಿಳಿಯುವುದಿಲ್ಲ.

ಮೂರನೆಯ ಹಂತ, ವಿಳಾಸ. ವಿಂಡೋಸ್ ಗಣಕಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿಯನ್ನು ತೆರೆದು ‘ಐಪಿಕಾನ್ಫಿಗ್’ ಎಂಬ ಆದೇಶವನ್ನು ಕೊಟ್ಟರೆ ಯಂತ್ರದ ವಿಳಾಸ ಕಾಣಿಸುತ್ತದೆ. ಅದು 192.168 ಎಂದು ಆರಂಭವಾಗಿದ್ದರೆ ಸಾಮಾನ್ಯವಾಗಿ ರೂಟರ್ ತಾನೇ ಕೊಟ್ಟ ವಿಳಾಸ. 169.254 ಎಂದು ಆರಂಭವಾಗಿದ್ದರೆ ಗಣಕಯಂತ್ರವು ರೂಟರನ್ನು ಕೂಗಿ ಉತ್ತರ ಬಾರದೆ ತನಗೆ ತಾನೇ ವಿಳಾಸ ಕೊಟ್ಟುಕೊಂಡಿದೆ ಎಂದರ್ಥ. ದೀಪ ಬೆಳಗುತ್ತಿದ್ದರೂ ಈ ಸಂಖ್ಯೆ ಕಂಡರೆ ದೋಷ ಒಳಗಿನ ಹಾದಿಯಲ್ಲಿಯೇ ಇದೆ ಎಂದು ತಿಳಿಯಬಹುದು. ಅದೇ ಪಟ್ಟಿಯಲ್ಲಿ ‘ಡೀಫಾಲ್ಟ್ ಗೇಟ್‌ವೇ’ ಎಂಬುದರ ಮುಂದಿರುವ ಸಂಖ್ಯೆ ರೂಟರಿನ ವಿಳಾಸ, ಅದನ್ನು ಬರೆದಿಟ್ಟುಕೊಳ್ಳಬೇಕು.

ನಾಲ್ಕನೆಯ ಹಂತ, ರೂಟರಿನವರೆಗಿನ ಪರೀಕ್ಷೆ. ಅದೇ ಕಪ್ಪು ಕಿಟಕಿಯಲ್ಲಿ ‘ಪಿಂಗ್’ ಎಂದು ಬರೆದು, ಒಂದು ಸ್ಥಳ ಬಿಟ್ಟು ರೂಟರಿನ ವಿಳಾಸವನ್ನು, ಮತ್ತೊಂದು ಸ್ಥಳ ಬಿಟ್ಟು ಅಡ್ಡಗೆರೆ ಸಹಿತ ಎನ್ ಅಕ್ಷರವನ್ನು, ಇನ್ನೊಂದು ಸ್ಥಳ ಬಿಟ್ಟು 100 ಎಂಬ ಸಂಖ್ಯೆಯನ್ನು ಕೊಟ್ಟರೆ ಗಣಕಯಂತ್ರವು ರೂಟರನ್ನು ನೂರು ಬಾರಿ ಕೂಗಿ ಉತ್ತರಗಳನ್ನು ಎಣಿಸುತ್ತದೆ. ಸುಸ್ಥಿತಿಯ ಕೇಬಲ್ ಮೇಲೆ ನೂರಕ್ಕೆ ನೂರು ಉತ್ತರ ಬರಬೇಕು. ತಗಲುವ ಕಾಲ ಸಾಮಾನ್ಯವಾಗಿ ಒಂದು ಮಿಲಿಸೆಕೆಂಡಿಗಿಂತ ಕಡಿಮೆ. ಮೂರು ನಾಲ್ಕು ಉತ್ತರ ತಪ್ಪಿದರೂ ಅದನ್ನು ಅಲಕ್ಷಿಸಬಾರದು. ವೈಫೈನಲ್ಲಿ ಆಗೊಮ್ಮೆ ಈಗೊಮ್ಮೆ ತಪ್ಪುವುದುಂಟು, ಎರಡು ಮೀಟರ್ ತಾಮ್ರದಲ್ಲಿ ತಪ್ಪಲು ಕಾರಣವಿಲ್ಲ. ಇಲ್ಲೊಂದು ಎಚ್ಚರಿಕೆ ಅಗತ್ಯ. ‘ಡೆಸ್ಟಿನೇಷನ್ ಹೋಸ್ಟ್ ಅನ್‌ರೀಚಬಲ್’ ಎಂಬ ಸಾಲುಗಳನ್ನೂ ವಿಂಡೋಸ್ ಕೆಲವೊಮ್ಮೆ ಬಂದ ಉತ್ತರವೆಂದೇ ಲೆಕ್ಕ ಹಿಡಿದು, ಕೊನೆಗೆ ‘ನಷ್ಟ ಶೂನ್ಯ’ ಎಂದು ತೋರಿಸಿಬಿಡುತ್ತದೆ. ಆದುದರಿಂದ ಒಟ್ಟು ಮೊತ್ತವನ್ನಷ್ಟೇ ಓದದೆ ಸಾಲುಗಳನ್ನೂ ಓದಬೇಕು.

ಐದನೆಯ ಹಂತ, ರೂಟರಿನ ಆಚೆ. 8.8.8.8 ಎಂಬುದು ಗೂಗಲ್ ಸಂಸ್ಥೆಯ ಸಾರ್ವಜನಿಕ ಸರ್ವರ್ ಒಂದರ ವಿಳಾಸ. ಅದಕ್ಕೆ ಪಿಂಗ್ ಮಾಡಿದಾಗ ಉತ್ತರ ಬಂದರೆ ಹೊರಗಿನ ಹಾದಿ ತೆರೆದಿದೆ. ಸಂಖ್ಯೆಗೆ ಉತ್ತರ ಬಂದು, ಯಾವುದೇ ಜಾಲತಾಣದ ಹೆಸರು ಕೊಟ್ಟಾಗ ‘ಹೋಸ್ಟ್ ಸಿಗಲಿಲ್ಲ’ ಎಂದರೆ, ಹೆಸರನ್ನು ಸಂಖ್ಯೆಯಾಗಿ ಪರಿವರ್ತಿಸುವ ಡಿಎನ್‌ಎಸ್ ವ್ಯವಸ್ಥೆಯಲ್ಲಿ ತೊಡಕಿದೆ, ಕೇಬಲ್ ನಿರಪರಾಧಿ. ಕೆಲವು ಜಾಲತಾಣಗಳು ಪಿಂಗ್‌ಗೆ ಉತ್ತರಿಸದಂತೆ ವ್ಯವಸ್ಥೆ ಮಾಡಿಕೊಂಡಿರುವುದರಿಂದ, ಒಂದು ಜಾಲತಾಣದ ಮೌನವನ್ನೇ ದೋಷವೆಂದು ತೀರ್ಮಾನಿಸಬಾರದು.

ಆರನೆಯ ಹಂತ, ಒಪ್ಪಂದವಾದ ವೇಗ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗದ ಈಥರ್‌ನೆಟ್ ಪುಟದಲ್ಲಿ ಲಿಂಕ್ ಸ್ಪೀಡ್ ಎಷ್ಟೆಂದು ಬರೆದಿರುತ್ತದೆ. ಎರಡೂ ಉಪಕರಣಗಳು ಗಿಗಾಬಿಟ್ ಸಾಮರ್ಥ್ಯದವಾಗಿದ್ದರೆ ಅಲ್ಲಿ 1000 ಇರಬೇಕು. 100 ಇದ್ದರೆ ಕೇಬಲ್‌ನ ನಾಲ್ಕು ಜೋಡಿಗಳಲ್ಲಿ ಯಾವುದೋ ಒಂದು ತಂತಿ ಕಡಿದಿದೆ ಅಥವಾ ಪ್ಲಗ್ಗಿನಲ್ಲಿ ಸರಿಯಾಗಿ ಕಚ್ಚಿಲ್ಲ ಎಂಬ ಬಲವಾದ ಸಂಶಯ ಪಡಬೇಕು. ಅಗ್ಗದ ರೂಟರುಗಳ ಮತ್ತು ಹಳೆಯ ಗಣಕಯಂತ್ರಗಳ ಪೋರ್ಟುಗಳೇ 100ಕ್ಕೆ ಸೀಮಿತವಾಗಿರುವುದೂ ಉಂಟು. ಅದನ್ನು ಮೊದಲು ಖಚಿತಪಡಿಸಿಕೊಳ್ಳಬೇಕು. 10 ಎಂದು ತೋರಿಸಿದರೆ ಕೇಬಲ್ ಬದಲಿಸಿ ನೋಡುವುದೇ ಲೇಸು.

ದೀಪ ಬೆಳಗಿದರೂ ಸೋರುವ ಸಂಪರ್ಕ

ಪೂರ್ಣ ನಿಂತ ಸಂಪರ್ಕಕ್ಕಿಂತ ಅರೆಬರೆ ಸಂಪರ್ಕವೇ ವರ್ತಕರಿಗೆ ಹೆಚ್ಚು ಹಾನಿ ಮಾಡುತ್ತದೆ. ನಿಂತದ್ದು ಕೂಡಲೇ ಕಣ್ಣಿಗೆ ಬೀಳುತ್ತದೆ. ಸೋರುವುದು ತಿಂಗಳುಗಟ್ಟಲೆ ಗೊತ್ತಾಗುವುದಿಲ್ಲ. ಹಳಿಯಾಳದ ವರ್ತಕರೊಬ್ಬರು 200 ಮೆಗಾಬಿಟ್ ಯೋಜನೆಗೆ ಹಣ ಕಟ್ಟುತ್ತಿದ್ದಾರೆ ಎಂದಿಟ್ಟುಕೊಳ್ಳಬಹುದು. ವೇಗ ಪರೀಕ್ಷೆಯಲ್ಲಿ ಯಾವಾಗ ನೋಡಿದರೂ 94ರ ಆಸುಪಾಸು ಬರುತ್ತಿದ್ದರೆ, ಅವರು ಸೇವಾ ಸಂಸ್ಥೆಯನ್ನು ದೂರುವ ಮುನ್ನ ತಮ್ಮ ಕೇಬಲ್ ನೋಡಬೇಕು. 100 ಮೆಗಾಬಿಟ್ ಸಂಪರ್ಕದಲ್ಲಿ ನಿರ್ವಹಣಾ ಮಾಹಿತಿಯ ಪಾಲು ಕಳೆದು ಬಳಕೆಗೆ ಉಳಿಯುವುದು ಸುಮಾರು ಅಷ್ಟೇ. ಯೋಜನೆಯ ಅರ್ಧದಷ್ಟು ವೇಗಕ್ಕೆ ಪ್ರತಿ ತಿಂಗಳೂ ಹಣ ತೆತ್ತು, ಅದನ್ನು ತಮ್ಮದೇ ಗೋಡೆಯ ಬಳಿ ಚೆಲ್ಲಿದಂತಾಗುತ್ತದೆ.

ಇನ್ನೊಂದು ಬಗೆಯ ದೋಷ ಯಾರಾದರೂ ಹಿಂದೆ ಮಾಡಿದ ‘ಸರಿಪಡಿಸುವಿಕೆ’ಯಿಂದ ಬರುತ್ತದೆ. ಒಂದು ತುದಿಯಲ್ಲಿ ವೇಗವನ್ನು ಕೈಯಾರೆ 100 ಎಂದು ಬಿಗಿದಿಟ್ಟು, ಇನ್ನೊಂದು ತುದಿಯನ್ನು ಸ್ವಯಂಚಾಲಿತವಾಗಿ ಬಿಟ್ಟರೆ, ಒಂದು ಕಡೆ ಏಕಕಾಲಕ್ಕೆ ಮಾತನಾಡುತ್ತ ಕೇಳುವ ಪೂರ್ಣ ಕ್ರಮವೂ ಇನ್ನೊಂದು ಕಡೆ ಸರದಿಯಂತೆ ಮಾತನಾಡುವ ಅರ್ಧ ಕ್ರಮವೂ ನೆಲೆಗೊಳ್ಳಬಹುದು. ದೀಪ ಬೆಳಗುತ್ತದೆ, ಚಿಕ್ಕ ಪುಟ ತೆರೆಯುತ್ತದೆ, ದೊಡ್ಡ ಕಡತ ಕಳುಹಿಸುವಾಗ ಮಾತ್ರ ಎಲ್ಲವೂ ಉಸಿರುಗಟ್ಟುತ್ತದೆ. ಪರಿಹಾರ ಸರಳ. ಎರಡೂ ಕಡೆ ‘ಆಟೋ ನೆಗೋಷಿಯೇಷನ್’ ಎಂದೇ ಇಡಬೇಕು.

ಸೋರಿಕೆಯನ್ನು ಅಳೆಯಲು ‘ನೆಟ್‌ಸ್ಟ್ಯಾಟ್’ ಎಂಬ ಆದೇಶಕ್ಕೆ ಅಡ್ಡಗೆರೆ ಮತ್ತು ಇ ಅಕ್ಷರವನ್ನು ಸೇರಿಸಿ ಕೊಟ್ಟರೆ ಬಂದ ಮತ್ತು ಹೋದ ಮಾಹಿತಿಯ ಜೊತೆಗೆ ‘ಎರರ್ಸ್’ ಎಂಬ ಸಾಲಿನ ಎಣಿಕೆಯೂ ಕಾಣಿಸುತ್ತದೆ. ದೊಡ್ಡ ಕಡತವೊಂದನ್ನು ನಕಲು ಮಾಡುವ ಮೊದಲು ಒಮ್ಮೆ, ಆಮೇಲೆ ಒಮ್ಮೆ ನೋಡಿದಾಗ ಆ ಎಣಿಕೆ ಏರುತ್ತಿದ್ದರೆ ಕೇಬಲ್, ಪ್ಲಗ್ ಅಥವಾ ಪೋರ್ಟ್ ಕೆಡುತ್ತಿದೆ ಎಂದು ತಿಳಿಯಬಹುದು. ಮಾರುಕಟ್ಟೆಯಲ್ಲಿ ಸಿಗುವ ಎಂಟು ದೀಪಗಳ ಅಗ್ಗದ ಕೇಬಲ್ ಪರೀಕ್ಷಕವು ತಂತಿ ಅಖಂಡವಾಗಿದೆಯೇ, ಕ್ರಮ ಸರಿಯಿದೆಯೇ ಎಂಬುದನ್ನು ಮಾತ್ರ ಹೇಳುತ್ತದೆ. ವೇಗದ ಮಾಹಿತಿಯನ್ನು ಹೊರುವ ಯೋಗ್ಯತೆಯನ್ನು ಅದು ಅಳೆಯುವುದಿಲ್ಲ.

ಮಲೆನಾಡಿನ ವಿಶೇಷ ಎಚ್ಚರಿಕೆಗಳು

ಈ ನಾಲ್ಕು ತಾಲ್ಲೂಕುಗಳ ಹವೆಯೂ ಭೂಗೋಳವೂ ಕೇಬಲ್‌ಗೆ ಅನುಕೂಲಕರವಲ್ಲ. ಮುಂಗಾರಿಗೆ ಮೊದಲಿನ ಗುಡುಗು ಮಳೆಯಲ್ಲಿ ಸಿಡಿಲಿನ ಆಘಾತವು ವಿದ್ಯುತ್ ತಂತಿಯಿಂದಲೋ ಬಯಲಿನಲ್ಲಿ ಎಳೆದ ತಾಮ್ರದ ಕೇಬಲ್‌ನಿಂದಲೋ ಒಳನುಗ್ಗಿ ಪೋರ್ಟನ್ನು ಸುಡಬಲ್ಲದು. ಅನೇಕ ವೇಳೆ ಒಂದೇ ಪೋರ್ಟ್ ಸತ್ತು ಉಳಿದವು ಬದುಕಿರುತ್ತವೆ. ಆದುದರಿಂದಲೇ ಎರಡನೆಯ ಹಂತದಲ್ಲಿ ಪೋರ್ಟ್ ಬದಲಿಸಿ ನೋಡಬೇಕೆಂದು ಹೇಳಿರುವುದು. ಮೋಡ ಕವಿಯುವಾಗಲೇ ರೂಟರಿನ ವಿದ್ಯುತ್ ಪ್ಲಗ್ ಜೊತೆಗೆ ಕೇಬಲ್ ಅನ್ನೂ ಕಳಚಿಡುವುದು ಜಾಣತನ. ಸಿಡಿಲು ಆರಂಭವಾದ ಮೇಲೆ ಅವುಗಳನ್ನು ಮುಟ್ಟಬಾರದು.

ಈಥರ್‌ನೆಟ್‌ನ ತಾಮ್ರದ ಕೇಬಲ್‌ಗೆ 100 ಮೀಟರ್ ಮಿತಿಯಿದೆ. ಜೋಯಿಡಾ ಮತ್ತು ದಾಂಡೇಲಿಯ ಹೋಮ್‌ಸ್ಟೇಗಳಲ್ಲಿ ಮನೆಯಿಂದ ಸ್ವಾಗತ ಕೊಠಡಿಗೆ, ತೋಟದಾಚೆಯ ಕುಟೀರಗಳಿಗೆ ಕೇಬಲ್ ಎಳೆಯುವಾಗ ಈ ಮಿತಿ ಸುಲಭವಾಗಿ ಮೀರುತ್ತದೆ. ಕಟ್ಟಡದಿಂದ ಕಟ್ಟಡಕ್ಕೆ ಫೈಬರ್ ಎಳೆದು ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಇಡುವುದು ಉತ್ತಮ ಮಾರ್ಗ. ಫೈಬರ್‌ನ ಗಾಜಿನ ಎಳೆ ವಿದ್ಯುತ್ತನ್ನು ಒಯ್ಯದಿರುವುದರಿಂದ ಸಿಡಿಲಿನ ಅಪಾಯವೂ ತಗ್ಗುತ್ತದೆ. ಮಳೆಗಾಲದ ತೇವಕ್ಕೆ ಪ್ಲಗ್ಗಿನ ಲೋಹದ ಹಲ್ಲುಗಳು ಮಂಕಾಗುತ್ತವೆ. ಗೋದಾಮುಗಳಲ್ಲಿ ಇಲಿಗಳು ಕೇಬಲ್ ಕಡಿಯುತ್ತವೆ. ಕೇಬಲ್ ಖರೀದಿಸುವಾಗ ತಾಮ್ರದ ಲೇಪವಿರುವ ಅಲ್ಯೂಮಿನಿಯಂ ತಂತಿಯದನ್ನು ಬಿಟ್ಟು ಶುದ್ಧ ತಾಮ್ರದ ಕ್ಯಾಟ್-6 ಕೇಬಲ್ ಕೇಳಿ ಪಡೆಯಬೇಕು; ಅಲ್ಯೂಮಿನಿಯಂ ತಂತಿ ಬಾಗಿದಲ್ಲಿ ಬೇಗ ಮುರಿಯುತ್ತದೆ. ವೋಲ್ಟೇಜ್ ಏರಿಳಿತದಿಂದ ರೂಟರ್ ತನ್ನಷ್ಟಕ್ಕೆ ಆರಿ ಮತ್ತೆ ಚಾಲೂ ಆಗುವುದನ್ನೂ ಕೇಬಲ್ ದೋಷವೆಂದು ಭ್ರಮಿಸುವುದುಂಟು. ಎಲ್ಲ ದೀಪಗಳೂ ಒಟ್ಟಿಗೆ ಆರಿ ಬೆಳಗಿದರೆ ಅದು ವಿದ್ಯುತ್ತಿನ ಸಮಸ್ಯೆ; ಒಂದು ಪೋರ್ಟಿನ ದೀಪ ಮಾತ್ರ ಆರಿದರೆ ಕೇಬಲ್‌ನ ಸಮಸ್ಯೆ.

ಲೆಕ್ಕಪತ್ರದ ದೃಷ್ಟಿಯಿಂದ

ರೂಟರ್ ಚಿಕ್ಕ ಪೆಟ್ಟಿಗೆಯಾದರೂ ಅದು ಸ್ಥಿರಾಸ್ತಿ ಎಂಬುದನ್ನು ಮರೆಯಬಾರದು. ರೂಟರ್ ಮತ್ತು ಸ್ವಿಚ್‌ಗಳನ್ನು ಗಣಕಯಂತ್ರದ ಜೊತೆಗೆ ಬಳಸಿದಾಗ ಅವು ಸವಕಳಿಯ ಉದ್ದೇಶಕ್ಕೆ ಗಣಕಯಂತ್ರದ ವರ್ಗಕ್ಕೇ ಸೇರುತ್ತವೆ ಎಂದು ಆದಾಯ ತೆರಿಗೆ ಮೇಲ್ಮನವಿ ನ್ಯಾಯಾಧಿಕರಣದ ಮುಂಬಯಿ ವಿಶೇಷ ಪೀಠವು ಡೇಟಾಕ್ರಾಫ್ಟ್ ಇಂಡಿಯಾ ಪ್ರಕರಣದಲ್ಲಿ 2010ರಲ್ಲಿ ತೀರ್ಪು ನೀಡಿತು. ಆಗ ಆ ವರ್ಗದ ಸವಕಳಿ ದರ ಶೇ. 60 ಇತ್ತು. 2017-18ರ ಆರ್ಥಿಕ ವರ್ಷದಿಂದ ಅದು ಶೇ. 40ಕ್ಕೆ ಇಳಿಯಿತು. ಸಾಮಾನ್ಯ ಯಂತ್ರೋಪಕರಣಗಳ ಶೇ. 15ರ ದರದಲ್ಲಿ ರೂಟರನ್ನು ಸೇರಿಸಿಬಿಡುವ ವರ್ತಕರು ನ್ಯಾಯವಾಗಿ ದೊರೆಯಬೇಕಾದ ಕಡಿತವನ್ನು ಮುಂದೂಡಿದಂತಾಗುತ್ತದೆ. ಖರೀದಿ ಬಿಲ್ಲಿನಲ್ಲಿ ತಮ್ಮ ಜಿಎಸ್‌ಟಿ ಸಂಖ್ಯೆಯನ್ನು ಬರೆಸಿಕೊಂಡರೆ, ವ್ಯವಹಾರಕ್ಕೆ ಬಳಸಿದ ಮಟ್ಟಿಗೆ ಹೂಡುವಳಿ ತೆರಿಗೆ ಜಮೆಯೂ ಸಿಗುತ್ತದೆ.

ಇದರ ಜೊತೆಗೆ ಒಂದು ಚಿಕ್ಕ ದಾಖಲೆ ಪುಸ್ತಕವನ್ನು ರೂಟರಿನ ಪಕ್ಕದಲ್ಲಿಯೇ ಇಡಬೇಕು. ಸಂಪರ್ಕ ಕೆಟ್ಟ ದಿನಾಂಕ ಮತ್ತು ವೇಳೆ, ಯಾವ ದೀಪ ಹೇಗಿತ್ತು, ನೂರು ಪಿಂಗ್‌ಗೆ ಎಷ್ಟು ಉತ್ತರ ಬಂತು, ಲಿಂಕ್ ವೇಗ ಎಷ್ಟಿತ್ತು, ದೂರಿನ ಸಂಖ್ಯೆ ಏನು ಎಂಬುದನ್ನು ಅದರಲ್ಲಿ ಬರೆಯಬೇಕು. ‘ನೆಟ್ ಬರುತ್ತಿಲ್ಲ’ ಎಂಬ ದೂರಿಗೂ, ‘ರೂಟರಿನವರೆಗೆ ನೂರಕ್ಕೆ ನೂರು ಉತ್ತರ ಬರುತ್ತಿದೆ, ಬೆಳಗಿನ ಹತ್ತು ಗಂಟೆಯಿಂದ ಲಾಸ್ ದೀಪ ಕೆಂಪಗಿದೆ’ ಎಂಬ ದೂರಿಗೂ ಅಜಗಜಾಂತರವಿದೆ. ಎರಡನೆಯ ದೂರನ್ನು ಕೇಳಿದ ತಂತ್ರಜ್ಞರು ಫೈಬರ್ ಜೋಡಿಸುವ ಸಲಕರಣೆಯೊಡನೆಯೇ ಹೊರಡಬಲ್ಲರು. ದಾಂಡೇಲಿಯಿಂದ ಜೋಯಿಡಾದ ಒಳಹಳ್ಳಿಗೆ ಬಂದು, ಸಲಕರಣೆ ತಂದಿಲ್ಲವೆಂದು ಮರಳುವ ಪ್ರಸಂಗ ತಪ್ಪುತ್ತದೆ.

ಅಂತಿಮ ದಿನದ ಮುನ್ನ

ತಪಾಸಣೆಗೆ ಸೂಕ್ತವಾದ ದಿನ ಸಂಪರ್ಕ ಕೆಟ್ಟ ದಿನವಲ್ಲ, ಅದು ಚೆನ್ನಾಗಿರುವ ದಿನ. ಪ್ರತಿ ತಿಂಗಳ 5ರಂದು ಈ ಆರು ಹಂತಗಳನ್ನು ಒಮ್ಮೆ ನಡೆಸಿದರೆ 11ಕ್ಕೆ ಮೊದಲು ಆರು ದಿನಗಳ ಕಾಲಾವಕಾಶ ಉಳಿಯುತ್ತದೆ. ಸಿದ್ಧಪಡಿಸಿದ ಒಂದು ಹೆಚ್ಚುವರಿ ಕೇಬಲ್ ಮೇಜಿನ ಸೆಳೆಖಾನೆಯಲ್ಲಿರಲಿ. ಮೊಬೈಲಿನ ಹಾಟ್‌ಸ್ಪಾಟ್ ಮೂಲಕ ರಿಟರ್ನ್ ಸಲ್ಲಿಸುವುದನ್ನು ಗುಮಾಸ್ತರಿಗೆ ಒಮ್ಮೆ ರೂಢಿ ಮಾಡಿಸಿರಲಿ. ರಿಟರ್ನ್ ಸಲ್ಲಿಕೆಗೆ ಬೇಕಾಗುವ ಮಾಹಿತಿ ಪ್ರಮಾಣ ಅಲ್ಪವಾದ್ದರಿಂದ ಸಿಗ್ನಲ್ ಸಿಗುವ ಎಡೆಯಲ್ಲಿ ಅದು ಸಾಕಾಗುತ್ತದೆ. ಸಿಗ್ನಲ್ ದುರ್ಬಲವಾದ ಊರುಗಳವರು ಮಾತ್ರ ಕೊನೆಯ ಸಂಜೆಯನ್ನು ಎಂದೂ ನೆಚ್ಚಬಾರದು.

ಹೊರಗಿನ ಹಾದಿಯ ಮೇಲೆ ವರ್ತಕರಿಗೆ ಹಿಡಿತವಿಲ್ಲ. ಮರ ಬಿದ್ದು ಫೈಬರ್ ಕಡಿದರೆ ಕಾಯುವುದೊಂದೇ ದಾರಿ. ಒಳಗಿನ ಹಾದಿಯ ಮೇಲಾದರೋ ಸಂಪೂರ್ಣ ಹಿಡಿತವಿದೆ, ಮತ್ತು ಅದರ ನಿರ್ವಹಣೆಗೆ ತಗಲುವುದು ಒಂದು ಕೇಬಲ್‌ನ ಬೆಲೆ ಹಾಗೂ ತಿಂಗಳಿಗೆ ಹತ್ತು ನಿಮಿಷ. ತಕ್ಕಡಿಯನ್ನು ಕಾಲಕಾಲಕ್ಕೆ ಮುದ್ರೆ ಹಾಕಿಸುವ ಶಿಸ್ತನ್ನು ಬಲ್ಲ ವರ್ತಕ ಬಾಂಧವರಿಗೆ ಈ ಶಿಸ್ತು ಭಾರವೆನಿಸಲಾರದು. ಬರುವ 5ನೇ ತಾರೀಖಿನಂದೇ ಇದನ್ನು ಆರಂಭಿಸುವುದು ಶ್ರೇಯಸ್ಕರ.